ಖಾಲಿ ಬೆಂಚೂ ಒಂದು ರಾಜ್ಯ

ನಮ್ಮ ಮೇಷ್ಟ್ರು ಹೆದರದ ವಸ್ತು ದಾವಣಗೆರೆ ಜಿಲ್ಲೆಯಲ್ಲಿ ಇರಲಿಲ್ಲ. ನಾಯಿಗೆ ಹೆದರುತ್ತಿದ್ದರು, ಅದಕ್ಕೆಂದೇ ಸುಡುಬೇಸಿಗೆಯಲ್ಲೂ ಕಂಕುಳಲ್ಲಿ ಕೊಡೆ. ಬೆಣ್ಣೆದೋಸೆಗೆ ಹೆದರುತ್ತಿದ್ದರು, ಎದೆಗೆ ಒಳ್ಳೆಯದಲ್ಲ ಅಂತ. ಬೇಡ ಅಂದರೆ ಹೋಟೆಲಿನವರು ಬೇಜಾರು ಮಾಡಿಕೊಳ್ಳುತ್ತಾರೆಂದು ಅದಕ್ಕೂ ಹೆದರಿ, ಎರಡು ತಿಂದು ಬರುತ್ತಿದ್ದರು. ಪ್ರಿನ್ಸಿಪಾಲರ ಕೋಣೆಯ ಸ್ಪ್ರಿಂಗ್ ಬಾಗಿಲು ಬೆನ್ನಿಗೆ ಬಡಿಯುತ್ತದೆಂಬ ಭಯಕ್ಕೆ ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಮಾತಾಡುತ್ತಿದ್ದರು.

"ಒಳಗ್ ಬರ್ರಿ ಮೇಷ್ಟ್ರೇ."

"ಬಂದೀನ್ರಿ ಸಾರ್, ಮುಕ್ಕಾಲು ಬಂದೀನಿ."

ಇಂಥವರು ನಮಗೆ ದಾವಣಗೆರೆಯ ಲಾ ಕಾಲೇಜಿನಲ್ಲಿ ಅಮೆರಿಕದ ಸಂವಿಧಾನ ಕಲಿಸುತ್ತಿದ್ದರು. ಅಲ್ಲಿನ ಪ್ರಜೆಗಳ ಹಕ್ಕುಗಳೇನು, ಅವನ್ನು ಯಾರು ಕಾಯುತ್ತಾರೆ, ತಿದ್ದುವುದು ಹೇಗೆ ಎಂಬುದು ಅವರ ಪಾಠ. ಅಮೆರಿಕ ಹಾಗಿರಲಿ, ಹರಿಹರದ ತಮ್ಮ ಮನೆಯಿಂದ ತುಂಗಭದ್ರೆಯ ಸೇತುವೆ ದಾಟಿ ರಾಣೆಬೆನ್ನೂರಿಗೆ ಹೋಗಿಬರುವುದಕ್ಕೂ ಅವರಿಗೆ ಎರಡು ದಿನದ ಮಾನಸಿಕ ಸಿದ್ಧತೆ ಬೇಕಿತ್ತು.

ಹೋದ ತಿಂಗಳು ಅವರು ತೀರಿಕೊಂಡರು. ನಾನೀಗ ದಾವಣಗೆರೆ ಕೋರ್ಟಿನಲ್ಲಿ ಸೀನಿಯರ್ ಒಬ್ಬರ ಫೈಲು ಹೊರುವ ಜೂನಿಯರ್. ಎಲ್ಲರ ದನಿಯನ್ನೂ ಅಣಕಿಸುವುದು ನನ್ನ ಚಟ. ಕಟಕಟೆಯ ಸಾಕ್ಷಿ, ಹೆಸರು ಕೂಗುವ ಜವಾನ, ನನ್ನ ಸೀನಿಯರ್ ಕಕ್ಷಿದಾರನ ಮುಂದೆ ತೆಗೆಯುವ ದನಿ, ಅವನು ಹೋದ ಮೇಲೆ ತೆಗೆಯುವ ದನಿ, ಎಲ್ಲವೂ ಬರುತ್ತವೆ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ಹೇಳಲಾರೆ. ಫೋನ್ ಮಾಡಿದರೆ ಅಮ್ಮನೇ ಎರಡು ಸಲ "ಯಾರು?" ಅನ್ನುತ್ತಾಳೆ. ಸಂತಾಪ ಸಭೆಯ ದಿನ ಸೀನಿಯರ್ ನನ್ನ ಕಿವಿಯಲ್ಲಿ, "ಅವರ ದನಿಯಾಗೇ ನಾಕ್ ಮಾತು ಹೇಳಿಬಿಡೋ, ಜನ ನಗ್ಲಿ," ಅಂದರು. ಎದ್ದು ನಿಂತೆ. ಅಣಕಿಸಲು ಹೋದವನಿಗೆ ಆ ದಿನದ ತರಗತಿ ನೆನಪಾಗಿ, ಕೈ ಮುಗಿದು ಕೂತುಬಿಟ್ಟೆ. ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲ ದಿನ ಅವರು ತರಗತಿಗೆ ಬಂದು, ಫ್ಯಾನು ತಲೆಯ ಮೇಲೆ ಬೀಳದ ಜಾಗ ಹುಡುಕಿ ನಿಂತು, "ನಿಮಗೆಲ್ಲ ಯಾವುದಕ್ಕೆ ಹೆದರಿಕಿ ಐತೆ, ಒಬ್ಬೊಬ್ಬರೇ ಹೇಳ್ರಿ," ಎಂದರು. ನಾವು ನಕ್ಕೆವು. ಅವರು ನಗಲಿಲ್ಲ.

"ನಗಬ್ಯಾಡ್ರಿ. ಹೆದರಿಕಿ ಇಲ್ದೋರು ಕಾನೂನು ಬರೆದ್ರೆ ಅದು ಭಾಷಣ ಆಗ್ತೈತೆ. ಅಮೆರಿಕದೋರು ರಾಜನ್ನ ಓಡಿಸಿದ್ರು, ಸಂವಿಧಾನ ಬರೆದ್ರು, ಆದ್ರೂ ನಿದ್ದಿ ಬರ್ಲಿಲ್ಲ. ಯಾಕ? ನಾವೇ ಕಟ್ಟಿದ ಸರಕಾರ ನಾಳೆ ನಮ್ಮ ಬಾಯಿ ಮುಚ್ಚಿಸಿದ್ರೆ? ಅದು ಒಂದನೇ ತಿದ್ದುಪಡಿ. ಸಿಪಾಯಿಗಳನ್ನ ತಂದು ನಮ್ಮನ್ಯಾಗ ಇಳಿಸಿದ್ರೆ? ಮೂರನೇದು. ವಾರಂಟ್ ಇಲ್ದೆ ಬಂದು ಪೆಟ್ಟಿಗೆ ತೆಗೆದು ನೋಡಿದ್ರೆ? ನಾಕು. ನನ್ನ ಬಾಯಿಂದ್ಲೇ ನನ್ನ ಮೇಲೆ ಸಾಕ್ಷಿ ಹೇಳಿಸಿದ್ರೆ? ಐದು. ಮೊದಲ ಹತ್ತು ತಿದ್ದುಪಡಿ ಅಂದ್ರೆ ಹತ್ತು ಹೆದರಿಕಿ, ಬರ್ಕಳ್ರಿ."

"ಎರಡನೇದು ಬಿಟ್ರಲ್ಲ ಸಾರ್?" ನಾನು ಕೇಳಿದೆ.

"ಅದು ಬಂದೂಕಿಂದು. ಅದನ್ನ ಹೇಳಾಕೇ ನಂಗೆ ಹೆದರಿಕಿ."

ನನ್ನ ಅಣಕಿನ ಪಟ್ಟಿಗೆ ಅವರು ಸೇರಿದ್ದು ಆ ಕ್ಷಣಕ್ಕೆ. ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಹೇಳಿದ್ದರು. "ಯಾರ ಹೆದರಿಕಿ ಬರೀದೆ ಬಿಟ್ರು ಅಂತ್ಲೂ ಕೇಳ್ಬೇಕು. ಗುಲಾಮರ ಹೆದರಿಕಿ ಆ ಪುಸ್ತಕದಾಗೆ ಬರಾಕೆ ಒಂದು ಯುದ್ಧ ಬೇಕಾತು. ಹೆಣ್ಮಕ್ಕಳಿಗೆ ಓಟು ಬರಾಕೆ ಅದ್ರ ಮ್ಯಾಲೆ ಇನ್ನೂ ಐವತ್ತು ವರ್ಷ." ಇದನ್ನು ಹೇಳುವಾಗ ಅವರ ದನಿ ನಡುಗಲಿಲ್ಲ. ಆ ದನಿಯನ್ನು ಅಣಕಿಸಲು ಎಷ್ಟೋ ಸಲ ನೋಡಿದೆ. ಸಿಕ್ಕಲಿಲ್ಲ.

ತಿದ್ದುಪಡಿ ಹೇಗಾಗುತ್ತದೆಂದು ಬಾಯಲ್ಲಿ ಹೇಳಿದರೆ ನಮ್ಮ ತಲೆಗೆ ಹತ್ತುವುದಿಲ್ಲವೆಂದು ಅವರೊಂದು ಪದ್ಧತಿ ಮಾಡಿದ್ದರು. ಉದ್ದನೆಯ ರಿಜಿಸ್ಟರಿನಲ್ಲಿ ತರಗತಿಗೇ ಒಂದು ಸಂವಿಧಾನ. ಕಿಟಕಿ ಕಡೆ ಕೂತವರು ಒಂದು ಸದನ, ಬಾಗಿಲ ಕಡೆಯವರು ಇನ್ನೊಂದು. ಹನ್ನೆರಡು ಬೆಂಚು, ಬೆಂಚಿಗೆ ಮೂವರು. ಒಂದೊಂದು ಬೆಂಚೂ ಒಂದೊಂದು ರಾಜ್ಯ. ರಾಜ್ಯಗಳಿಗೆ ನಾವೇ ಹೆಸರಿಟ್ಟಿದ್ದೆವು. ನನ್ನದು ವಿನೋಬನಗರ, ಮುಂದಿನದು ನಿಜಲಿಂಗಪ್ಪ ಬಡಾವಣೆ, ಕೊನೆಯ ಮೂಲೆಯದು ಹರಿಹರ. ಯಾವ ನಿಯಮ ತಿದ್ದಬೇಕಾದರೂ ಮೊದಲು ಎರಡೂ ಸದನಗಳಲ್ಲಿ ಹಾಜರಿದ್ದವರ ಮೂರನೇ ಎರಡು ಭಾಗ ಒಪ್ಪಬೇಕು. ಆಮೇಲೆ ಹನ್ನೆರಡು ಬೆಂಚಿನಲ್ಲಿ ಮುಕ್ಕಾಲು, ಅಂದರೆ ಒಂಬತ್ತು ಬೆಂಚು ಒಪ್ಪಬೇಕು. ಬೆಂಚಿನ ಮೂವರಲ್ಲಿ ಇಬ್ಬರು ಕೈ ಎತ್ತಿದರೆ ಆ ಬೆಂಚು ಒಪ್ಪಿದಂತೆ.

ತರಗತಿಯಲ್ಲಿ ಮಂಡಕ್ಕಿ-ಮಿರ್ಚಿ ತಿನ್ನಬಹುದು ಎಂಬ ತಿದ್ದುಪಡಿಯನ್ನು ಮಂಡಿಸಿದವನು ನಾನೇ. ಸದನಗಳು ಕುಣಿದು ಒಪ್ಪಿದವು. ಬೆಂಚು ಎಣಿಸಿದರೆ ಎಂಟು. ಒಂದು ಬೆಂಚಿನವರು ಬಗ್ಗಿ ಕೂತು ಮಿರ್ಚಿಯನ್ನೇ ತಿನ್ನುತ್ತಿದ್ದರಿಂದ ಕೈ ಎತ್ತಿರಲಿಲ್ಲ.

"ಸಾರ್, ಅವರು ಬ್ಯಾಡ ಅಂದಿಲ್ಲ," ಎಂದೆ.

"ಹೂಂ ಅಂದಿಲ್ಲಲ್ಲಪ್ಪ. ಅಲ್ಲಿ ಸುಮ್ನಿರೋ ರಾಜ್ಯ ಒಪ್ಪಿದಂಗಲ್ಲ. ಇರೋ ಎಲ್ಲಾ ರಾಜ್ಯಗಳಾಗೆ ಮುಕ್ಕಾಲು ಬಾಯಿ ಬಿಟ್ಟು ಹೂಂ ಅನ್ಬೇಕು." ಮಿರ್ಚಿ ಬಿದ್ದುಹೋಯಿತು.

ರಿಜಿಸ್ಟರಿನ ಒಂದನೇ ನಿಯಮವನ್ನು ಅವರೇ ಬರೆದಿದ್ದರು: 'ಈ ಕೋಣೆಯಲ್ಲಿ ಆಡಿದ ಮಾತಿಗಾಗಿ ಯಾರನ್ನೂ ಶಿಕ್ಷಿಸತಕ್ಕದ್ದಲ್ಲ.' ಆ ವರ್ಷ ಕಾಲೇಜಿಗೆ ಇನ್‌ಸ್ಪೆಕ್ಷನ್ ಇತ್ತು. ತೋರಿಸಲು ಏನಾದರೂ ಬೇಕಿದ್ದ ಪ್ರಿನ್ಸಿಪಾಲರು ರಿಜಿಸ್ಟರಿನ ಪ್ರತಿ ಪುಟಕ್ಕೂ ಸಹಿ ಹಾಕಿ ಸೀಲು ಒತ್ತಿದ್ದರು. ಓದಿರಲಿಲ್ಲ.

ಆ ನಿಯಮದ ಪೂರಾ ಲಾಭ ತೆಗೆದುಕೊಂಡವನು ನಾನು. ಕೊನೆಯ ವರ್ಷ, ಪರೀಕ್ಷೆಗೆ ತಿಂಗಳಿರುವಾಗ, ತರಗತಿಯ ಅಣಕು ಸಂಸತ್ತಿನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರ ಪಾತ್ರ ಮಾಡಿದೆ. ಅವರು ಊರಿನಲ್ಲಿ ದೊಡ್ಡವರು. ಅವರ ಹೆಸರನ್ನು ಜನ ಸಣ್ಣ ದನಿಯಲ್ಲಿ ಹೇಳುತ್ತಿದ್ದರು. ಹೆಣ್ಣುಮಕ್ಕಳ ಶೌಚಾಲಯ ಕಟ್ಟಿಸಿ, ಅದಕ್ಕೆ ಬೀಗ ಹಾಕಿಸಿ, ಯಾರಾದರೂ ಗಣ್ಯರು ಬಂದಾಗ ಮಾತ್ರ ತೆಗೆಸುತ್ತಿದ್ದರು. ನಾನು ಅವರಂತೆ ಕೆಮ್ಮಿ, ಅವರಂತೆ ವಾಚು ನೋಡಿ, "ನನ್ನ ಮಕ್ಕಳೇ, ಇಂದು ಈ ಬೀಗವನ್ನು ಲೋಕಾರ್ಪಣೆ ಮಾಡ್ತಾ ಇದೀನಿ. ಕೀಲಿ ಕೇಳಬ್ಯಾಡ್ರಿ, ಅದು ಮುಂದಿನ ಯೋಜನೆ," ಎಂದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ಅದು ಊರೆಲ್ಲ ಆಯಿತು.

ಮರುದಿನ ನೋಟೀಸು ಬಂತು. ನಿನ್ನನ್ನು ಕಾಲೇಜಿನಿಂದ ಯಾಕೆ ತೆಗೆಯಬಾರದು? ತೆಗೆದರೆ ಪರೀಕ್ಷೆ ಇಲ್ಲ. ಐದು ವರ್ಷದ ಓದು, ಅಮ್ಮ ವಿನೋಬನಗರದ ಒಂದು ಕೋಣೆಯಲ್ಲಿ ರವಿಕೆ ಹೊಲಿದು ಓದಿಸಿದ್ದು, ಅಲ್ಲಿಗೆ ಮುಗಿಯುತ್ತಿತ್ತು.

ಅದರ ಮರುದಿನ ಮನೆಗೆ ಹೋದರೆ ಅಮ್ಮ ಮಿಷನ್ನಿನ ಮುಂದೆ ಸುಮ್ಮನೆ ಕೂತಿದ್ದಳು. ಕಾಲು ಪೆಡಲಿನ ಮೇಲಿತ್ತು, ತುಳಿಯುತ್ತಿರಲಿಲ್ಲ.

"ಯಾರೋ ಇಬ್ರು ಬೈಕಿನಾಗೆ ಬಂದಿದ್ರು. ನೀರು ಕೇಳಿದ್ರು, ಕೊಟ್ಟೆ. 'ನಿಮ್ಮ ಮಗ ಚೆನ್ನಾಗಿ ಮಾತಾಡ್ತಾನಂತಲ್ಲಮ್ಮ' ಅಂದ್ರು."

"ಮತ್ತೇನಂದ್ರು?"

"ಅಷ್ಟೇ. ಲೋಟ ತೊಳೆದು ಇಟ್ಟು ಹೋದ್ರು ಕಣೋ."

ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಲೋಟ ತೊಳೆದಿಟ್ಟು ಹೋದದ್ದಕ್ಕೆ ಹೋಗಿ ಬಾಗಿಲಿಗೆ ಚಿಲಕ ಹಾಕಿದೆ. ಊರಿನವರ ದನಿಗಳೆಲ್ಲ ಇದ್ದ ನನ್ನ ಗಂಟಲಿನಿಂದ ಎರಡು ದಿನ ಯಾವ ದನಿಯೂ ಹೊರಡಲಿಲ್ಲ.

ವಿಚಾರಣೆಯ ದಿನ ಮೇಷ್ಟ್ರು ಕಾರಿಡಾರಿನಲ್ಲಿ ನನಗಿಂತ ಬಿಳಚಿಕೊಂಡು ನಿಂತಿದ್ದರು. "ಉಂಡ್ಯಾ?" ಎಂದರು. ಆಮೇಲೆ ಆಚೆಈಚೆ ನೋಡಿ, "ಏನ್ ಕೇಳಿದ್ರೂ ರಿಜಿಸ್ಟರು ನೋಡ್ರಿ ಅನ್ನು. ಬ್ಯಾರೆ ಒಂದು ಮಾತು ಆಡಬ್ಯಾಡ. ಐದನೇದು ನೆನಪೈತಲ್ಲ?" ಎಂದು ಪಿಸುಗುಟ್ಟಿ, ಗೋಡೆ ಹಿಡಿದುಕೊಂಡೇ ಹೋದರು.

ನಾನು ಹಾಗೇ ಮಾಡಿದೆ. ಆಡಳಿತ ಮಂಡಳಿಯ ವಕೀಲರು ರಿಜಿಸ್ಟರು ತಿರುವಿ, ಸೀಲು ನೋಡಿ, ಕನ್ನಡಕ ತೆಗೆದರು. "ಪ್ರಿನ್ಸಿಪಾಲರೇ ಒಪ್ಪಿ ಸಹಿ ಹಾಕ್ಯಾರೆ. ಹುಡುಗ ಕೋರ್ಟಿಗೆ ಹೋದ್ರೆ ಮೊದಲು ಇದನ್ನೇ ತೋರಿಸ್ತಾನೆ. ಈ ನಿಯಮನ ತರಗತಿಯೋರೇ ತೆಗೆದುಹಾಕಿದ್ರು ಅಂತ ಆಗ್ಬೇಕು. ಆಮೇಲೆ ನೋಡಣ."

ಹೀಗಾಗಿ ಮರುದಿನ ಬೆಳಿಗ್ಗೆ ಆಫೀಸಿನ ಸೂಪರಿಂಟೆಂಡೆಂಟ್ ಒಂದು ಹಾಳೆ ಹಿಡಿದು ತರಗತಿಗೆ ಬಂದರು. 'ಒಂದನೇ ನಿಯಮವನ್ನು ವರ್ಷದ ಮೊದಲ ದಿನದಿಂದಲೇ ರದ್ದುಪಡಿಸಿದೆ' ಎಂದು ಅದರಲ್ಲಿ ಟೈಪಾಗಿತ್ತು. ಮೇಷ್ಟ್ರು ಓದಿದರು.

"ಹಿಂದಿನ ದಿನದಿಂದ ಅಂದ್ರೆ ಹೆಂಗ್ರಿ? ಮಾಡಿದಾಗ ತಪ್ಪಲ್ಲದ್ದನ್ನ ಆಮೇಲೆ ತಪ್ಪು ಅನ್ನಂಗಿಲ್ಲ. ಅಮೆರಿಕದಾಗೂ ಇಲ್ಲ."

"ಇದು ಅಮೆರಿಕ ಅಲ್ಲ ಮೇಷ್ಟ್ರೇ, ದಾವಣಗೆರೆ."

"ನಮ್ಮಲ್ಲೂ ಇಲ್ರಿ," ಎಂದರು, ಕ್ಷಮೆ ಕೇಳುವವರಂತೆ.

"ಅದೆಲ್ಲ ವಕೀಲರು ನೋಡ್ಕಂತಾರೆ. ನೀವು ಕೈ ಎಣಿಸ್ರಿ ಸಾಕು." ಸೂಪರಿಂಟೆಂಡೆಂಟ್ ಬಾಗಿಲಿಗೆ ಒರಗಿ, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಪೆನ್ನಿನ ಟೋಪಿ ಬಿಚ್ಚಿದರು. ಯಾರು ಕೈ ಎತ್ತುವುದಿಲ್ಲವೋ ಅವರ ಹೆಸರು ಅದರಲ್ಲಿ ಹೋಗುತ್ತದೆಂದು ಯಾರೂ ಹೇಳಬೇಕಾಗಿರಲಿಲ್ಲ. ಕೊನೆಯ ಎರಡು ಬೆಂಚು, ಹರಿಹರ ಮತ್ತು ಅದರ ಪಕ್ಕದ್ದು, ಖಾಲಿ ಇದ್ದವು. ಆ ಆರು ಮಂದಿ ಇಂದು ಹೀಗಾಗುತ್ತದೆಂದು ಮೊದಲೇ ಗಾಳಿಸುದ್ದಿ ಕೇಳಿ, ಹೆದರಿ ಮನೆಯಲ್ಲೇ ಉಳಿದಿದ್ದರು. ಕಿಟಕಿಯಾಚೆ ಗೇಟಿನ ಹತ್ತಿರ ಬೈಕಿನ ಮೇಲೆ ಇಬ್ಬರು ಕೂತಿದ್ದರು. ಅಮ್ಮ ಹೇಳಿದವರೇ ಇರಬೇಕು.

ಸದನಗಳು ಒಪ್ಪಿದವು. ತಲೆ ತಗ್ಗಿಸಿಕೊಂಡೇ ಕೈಗಳು ಎದ್ದವು. ಆಮೇಲೆ ಬೆಂಚುಗಳು. ಮೇಷ್ಟ್ರು ಒಂದೊಂದೇ ರಾಜ್ಯದ ಹೆಸರು ಕೂಗಿದರು. ನಿಜಲಿಂಗಪ್ಪ ಬಡಾವಣೆಯ ಬೆಂಚಿನಲ್ಲಿ ವೀಣಾ ಎಂಬವಳಿದ್ದಳು. ಅವಳು ಮೂಗಿನಲ್ಲಿ ಮಾತಾಡುವುದನ್ನು ನಾನು ಮೂರು ವರ್ಷದಿಂದ ಅಣಕಿಸುತ್ತ ಬಂದಿದ್ದೆ. ಅವಳು ಎದ್ದು ನಿಂತು, "ಇವನನ್ನ ಕಂಡ್ರೆ ನಂಗಾಗಲ್ಲ ಸಾರ್. ಆದ್ರೂ ನಮ್ಮ ಬೆಂಚಿಂದು ಇಲ್ಲ," ಎಂದಳು. ಪೆನ್ನು ಓಡಿತು. ಪಿ.ಜೆ. ಬಡಾವಣೆಯ ಬೆಂಚೂ ಕೈ ಎತ್ತಲಿಲ್ಲ. ಉಳಿದ ಬೆಂಚುಗಳೆಲ್ಲ ಒಪ್ಪುತ್ತ ಬಂದವು.

"ವಿನೋಬನಗರ."

ನನ್ನ ಎಡಕ್ಕಿದ್ದ ಮಂಜ ಕೈ ಎತ್ತಿದ. ಬಲಕ್ಕಿದ್ದವನು ಎತ್ತಲಿಲ್ಲ, ನನ್ನ ಮುಖ ನೋಡಿದ. ನಾನು ಕಿಟಕಿ ನೋಡಿದೆ. ಬೈಕಿನವರಲ್ಲಿ ಒಬ್ಬ ಕೈಗೆ ನೀರು ಸುರಿದುಕೊಂಡು ಮುಖ ತೊಳೆಯುತ್ತಿದ್ದ. ನಾನೇ ತಲೆ ಬಗ್ಗಿಸಿದರೆ ಕತ್ತಿ ಮೇಲಿಂದ ಹಾದುಹೋದೀತು, ಒಳ್ಳೆಯ ಹುಡುಗ ಅಂದಾರು, ಬಿಟ್ಟಾರು ಎಂಬ ಎಣಿಕೆ ತಲೆಯಲ್ಲಿ ಮಿಂಚಿತು. ನನ್ನ ಕೈ ಮೇಲೆದ್ದಿತು. ನನ್ನ ಬಾಯಿ ಕಾಯುವ ನಿಯಮದ ವಿರುದ್ಧ ನನ್ನದೇ ಕೈ.

ಮೇಷ್ಟ್ರು ಒಂದು ಕ್ಷಣ ಅದನ್ನೇ ನೋಡಿದರು. ಬೋರ್ಡಿಗೆ ತಿರುಗಿ ಎಂಟನೆಯ ಗೀಟು ಎಳೆದರು. ಸೀಮೆಸುಣ್ಣ ಮುರಿಯಿತು.

"ಹತ್ತಕ್ಕೆ ಎಂಟು," ಅಂದರು ಸೂಪರಿಂಟೆಂಡೆಂಟ್. "ಮುಕ್ಕಾಲಿಗಿಂತ ಮ್ಯಾಲೇ ಆತು. ಬರ್ಕಳ್ರಿ, ಮುಗೀತು."

ಮೇಷ್ಟ್ರು ಬಾಟಲಿ ತೆಗೆದು ನೀರು ಕುಡಿದರು. "ಬೆಂಚು ಹನ್ನೆರಡು ಅದಾವ್ರಿ," ಎಂದರು.

"ಎರಡು ಖಾಲಿ ಅದಾವಲ್ಲ?"

"ಖಾಲಿ ಬೆಂಚೂ ಒಂದು ರಾಜ್ಯನೇ ರೀ. ಅದು ಹೂಂ ಅಂದಿಲ್ಲ. ಒಂಬತ್ತು ಬೇಕು, ಎಂಟು ಐತೆ."

"ಬಂದಿಲ್ದೋರು ಒಪ್ಪಿದ್ರು ಅಂತ ಹಾಕ್ಕಳ್ರಿ. ಯಾರ್ ಕೇಳ್ತಾರೆ?"

"ಯಾರೂ ಕೇಳಲ್ರಿ," ಎಂದರು ಮೇಷ್ಟ್ರು. ಅವರ ಮೊಣಕಾಲು ಮೇಜಿಗೆ ತಾಗಿ ಮೇಜು ಟಕಟಕ ಅನ್ನುತ್ತಿತ್ತು. ಇಡೀ ತರಗತಿಗೆ ಕೇಳುತ್ತಿತ್ತು. "ಆದ್ರೂ ಹಂಗೆ ಬರಲ್ಲ."

ಸೂಪರಿಂಟೆಂಡೆಂಟ್ ಪುಸ್ತಕ ಮುಚ್ಚಿದರು. ದನಿ ಏರಿಸಲಿಲ್ಲ. "ನಿಮ್ಮದು ವರ್ಷ ವರ್ಷದ ನೇಮಕದ ಆರ್ಡರ್ ಅಲ್ವಾ ಮೇಷ್ಟ್ರೇ? ಈ ತಿಂಗಳಿಗೆ ಮುಗೀತೈತಿ."

"ಹೂಂ ರೀ. ಗೊತ್ತೈತಿ."

ಕೂತು ರಿಜಿಸ್ಟರು ತೆಗೆದರು. ಬಲಗೈ ನಡುಗದಂತೆ ಎಡಗೈಯಲ್ಲಿ ಮಣಿಕಟ್ಟು ಹಿಡಿದುಕೊಂಡು ಬರೆದರು: 'ಹನ್ನೆರಡರಲ್ಲಿ ಎಂಟು. ತಿದ್ದುಪಡಿ ಬಿದ್ದಿದೆ.' ಸಹಿ ಹಾಕಿದರು. ನಮ್ಮೂರಿನಲ್ಲಿ ನಾನು ಕಂಡ ಅತ್ಯಂತ ಸೊಟ್ಟ ಸಹಿ ಅದು.

ಮುಂದಿನದನ್ನು ಬೇಗ ಹೇಳುತ್ತೇನೆ. ಆ ರಿಜಿಸ್ಟರು ಇರುವ ತನಕ ನನ್ನನ್ನು ತೆಗೆಯುವುದು ಕಷ್ಟವೆಂದು ವಕೀಲರು ಹೇಳಿದರಂತೆ. ನೋಟೀಸು ಫೈಲಿನಲ್ಲೇ ಉಳಿಯಿತು. ಪರೀಕ್ಷೆ ಬರೆದೆ, ಪಾಸೂ ಆದೆ, ಈ ಕರಿ ಕೋಟು ಬಂತು. ಮೇಷ್ಟ್ರ ಆರ್ಡರ್ ನವೀಕರಣವಾಗಲಿಲ್ಲ. ಆಮೇಲೆ ಅವರು ಯಾವ ಕಾಲೇಜಿನಲ್ಲೂ ಪಾಠ ಮಾಡಲಿಲ್ಲ. ವೀಣಾಳಿಗೆ ನಾನಿನ್ನೂ ಕ್ಷಮೆ ಕೇಳಿಲ್ಲ. ಕೋರ್ಟಿನಲ್ಲಿ ಎದುರು ಪಕ್ಷಕ್ಕೆ ನಿಂತಾಗ ಅವಳೇ ಅದನ್ನು ವಸೂಲು ಮಾಡಿಕೊಳ್ಳುತ್ತಿದ್ದಾಳೆ.

ಆದರೆ ಆ ದಿನ ಇನ್ನೂ ಮುಗಿದಿರಲಿಲ್ಲ.

ಮಧ್ಯಾಹ್ನ ಮೇಷ್ಟ್ರು ಬಸ್ ಸ್ಟ್ಯಾಂಡಿಗೆ ಹೊರಟರು. ಬೈಕಿನ ಇಬ್ಬರು ಅವರ ಹಿಂದೆಯೇ ನಿಧಾನ ಹೊರಟದ್ದನ್ನು ಕಂಡು ನಾನು ಓಡಿ ಅವರ ಜೊತೆಗಾದೆ. ನನ್ನನ್ನು ನೋಡಿ ಅವರು ಯಾಕೆ ಬಂದೆ ಎನ್ನಲಿಲ್ಲ. "ಬಸ್ ಬರೋ ತನಕ ನಿಲ್ತೀಯಾ?" ಅಂದರು. ಬಸ್ಸು ಬಂತು. ಬೈಕು ಅಲ್ಲೇ ನಿಂತಿತ್ತು. ನಾನೂ ಹತ್ತಿದೆ.

ಹರಿಹರಕ್ಕೆ ಅರ್ಧ ಗಂಟೆಯ ದಾರಿ. ಹಿಂದಿನ ಗಾಜಿನಲ್ಲಿ ಬೈಕು ಕಾಣುತ್ತಿತ್ತು. ಊರು ದಾಟಿದ ಮೇಲೆ ಕಾಣಲಿಲ್ಲ. ಕಾಣದ ಮೇಲೆ ಹೆದರಿಕೆ ಇನ್ನೂ ಹೆಚ್ಚಾಯಿತು.

"ಸಾರ್, ನಾನೂ ಕೈ ಎತ್ತಿದ್ದೆ."

"ಎಣಿಸ್ದೋನು ನಾನೇ ಅಲ್ಲೇನೋ."

"ನನ್ನ ಕೈ ಇಲ್ದಿದ್ರೆ ಏಳೇ ಆಗ್ತಿತ್ತು. ಅವರ ಲೆಕ್ಕದಾಗೂ ಬಿದ್ದುಹೋಗ್ತಿತ್ತು. ನಿಮಗೆ ಈ ಜಗಳನೇ ಇರ್ತಿರ್ಲಿಲ್ಲ."

ಅವರು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. "ಅದು ಹೆದರಿದ ಕೈ ತಮ್ಮಾ. ಒಂದೊಂದು ದಿನ ಊರಿಗೂರೇ ಹೆದರಿ ಕೈ ಎತ್ತಿಬಿಡ್ತೈತಿ, ತನ್ನ ಮ್ಯಾಲೇ. ಅದಕ್ಕೇ ಹಕ್ಕು ತಿದ್ದೋ ದಾರಿ ಅಷ್ಟು ಉದ್ದ ಮಾಡಿಟ್ಟಾರೆ. ದಾರಿ ಸವೆಸೋದ್ರಾಗೆ ಒಂದಿಷ್ಟು ಮಂದಿಗೆ ಹೆದರಿಕಿ ಇಳೀಲಿ ಅಂತ."

"ನಿಮಗೆ ಹೆದರಿಕಿ ಆಗ್ಲಿಲ್ವಾ ಸಾರ್?"

"ಮೇಜಿನ ಸದ್ದು ಕೇಳಿಲ್ಲೇನು?"

ಹರಿಹರದಲ್ಲಿ ಇಳಿದೆವು. ಅವರು ನಾಲ್ಕು ಹೆಜ್ಜೆ ನಡೆದು ನಿಂತರು. "ನೀ ವಾಪಸ್ ಹೆಂಗೆ ಹೋಗ್ತಿ?"

"ಇದೇ ಬಸ್ಸಿಗೆ ಸಾರ್."

"ಒಬ್ನೇ?"

ನಾನು ಏನನ್ನುವ ಮೊದಲೇ ಅವರು ತಿರುಗಿ ಬಸ್ಸು ಹತ್ತಿದರು. ದಾವಣಗೆರೆಗೆ ಬಂದು ನನ್ನನ್ನು ಇಳಿಸಿದರು. ಅವರೊಬ್ಬರೇ ಕಿಟಕಿಯಲ್ಲಿ ಕೂತದ್ದು ನೋಡಿ ನನಗೆ ತಡೆಯಲಿಲ್ಲ; ನಾನು ಮತ್ತೆ ಹತ್ತಿದೆ. ಹರಿಹರ ಬಂದರೂ ನನ್ನನ್ನು ಒಬ್ಬನೇ ಬಿಟ್ಟು ಅವರು ಇಳಿಯಲಿಲ್ಲ. ಕಂಡಕ್ಟರ್ ಬಂದು, "ಏನ್ರಿ ಸಾರ್, ನಿಮ್ಮಿಬ್ರದ್ದು ಯಾವ ಊರು ಅಂತ ಒಂದು ತೀರ್ಮಾನಕ್ಕೆ ಬರ್ರಿ," ಅಂದ. ನಾನು ಟಿಕೆಟ್ ತೆಗೆಯಲು ಜೇಬಿಗೆ ಕೈ ಹಾಕಿದೆ. ಮೇಷ್ಟ್ರು ದಿನಾ ಕಾಲೇಜಿಗೆ ಬರುವ ತಮ್ಮ ಬಸ್ ಪಾಸು ತೋರಿಸಿದರು.

ಹೊರಗೆ ಬಿಸಿಲು ಇಳಿಯುತ್ತಿತ್ತು. "ಸಾರ್, ಸಾಕು. ಈ ಸಲ ನೀವು ಇಳಿದು ಮನೆಗೆ ಹೋಗ್ರಿ," ಎಂದು ಎದ್ದು ದಾರಿ ಬಿಟ್ಟೆ.

ಅವರು ಪಾಸನ್ನು ಕಣ್ಣಿನ ಹತ್ತಿರ ಹಿಡಿದು ಅದರ ಮೇಲಿನ ತಾರೀಕು ನೋಡಿದರು.

"ಇನ್ನೂ ಹನ್ನೊಂದು ದಿನ ಐತೆ. ಆಮೇಲೆ ಇದು ಬೇಕಾಗಾಂಗಿಲ್ಲ," ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಕೂಡು ಬಾ."